ಎರಡು ದೇಶಗಳ ಟೇಬಲ್ ಪಕ್ಕಪಕ್ಕ ಇಡುವ ಮುಂಚೆ

ನನ್ನದು ಬೆಂಗಳೂರಿನಲ್ಲಿ ವೈದ್ಯಕೀಯ ಸಂಶೋಧನೆಯ ಅಂಕಿಅಂಶ ನೋಡುವ ಕೆಲಸ. ತಂಡಕ್ಕೆ ಹೊಸದಾಗಿ ಸೇರಿದವರಿಗೆ ನಾನು ತಪ್ಪದೆ ಓದಿಸುವ ಅಧ್ಯಯನ ಒಂದಿದೆ: ಅಮೆರಿಕ ಮತ್ತು ಕೆನಡಾದ ಸಿಸ್ಟಿಕ್ ಫೈಬ್ರೋಸಿಸ್ ರೋಗಿಗಳನ್ನು ಹೋಲಿಸಿ 2017ರಲ್ಲಿ ಪ್ರಕಟವಾದದ್ದು. ಇದು ತಂದೆತಾಯಿ ಇಬ್ಬರಿಂದಲೂ ಬರುವ ವಂಶವಾಹಿ ಕಾಯಿಲೆ. ಹೆಚ್ಚಿನವರಲ್ಲಿ ಎಳೆಯ ವಯಸ್ಸಿನಲ್ಲೇ ಪತ್ತೆಯಾಗುತ್ತದೆ. ಕಫ ಅಂಟಂಟಾಗಿ ಶ್ವಾಸಕೋಶದಲ್ಲಿ ಕಟ್ಟಿಕೊಳ್ಳುತ್ತದೆ, ತಿಂದ ಕೊಬ್ಬು ಸರಿಯಾಗಿ ಜೀರ್ಣವಾಗುವುದಿಲ್ಲ.

2009ರಿಂದ 2013ರ ಅವಧಿಗೆ ಲೆಕ್ಕ ಹಾಕಿದಾಗ ಬದುಕುಳಿಯುವ ಮೀಡಿಯನ್ ವಯಸ್ಸು ಕೆನಡಾದಲ್ಲಿ 50.9 ವರ್ಷ, ಅಮೆರಿಕದಲ್ಲಿ 40.6. ಅಕ್ಕಪಕ್ಕದ ದೇಶಗಳು, ಒಂದೇ ಕಾಯಿಲೆ, ಹತ್ತು ವರ್ಷದ ಅಂತರ.

ಹೊಸಬರು ಇಲ್ಲೇ ಎಡವುತ್ತಾರೆ. ಈ ಸಂಖ್ಯೆಯನ್ನು ಈಗಿರುವ ರೋಗಿಗಳ ಸರಾಸರಿ ವಯಸ್ಸು ಅಂದುಕೊಳ್ಳುತ್ತಾರೆ, ಇಲ್ಲವೇ ತೀರಿಕೊಂಡವರ ವಯಸ್ಸು ಅಂದುಕೊಳ್ಳುತ್ತಾರೆ. ಎರಡೂ ಅಲ್ಲ. ಆ ಅವಧಿಯ ಸಾವಿನ ಪ್ರಮಾಣವೇ ಮುಂದೆಯೂ ಇದ್ದರೆ, ಆಗ ಹುಟ್ಟಿದ ರೋಗಿಗಳಲ್ಲಿ ಅರ್ಧದಷ್ಟು ಜನ ಯಾವ ವಯಸ್ಸು ದಾಟುತ್ತಾರೆ ಎಂಬ ಅಂದಾಜು ಅದು. ರಿಜಿಸ್ಟ್ರಿಯಲ್ಲಿ, ಅಂದರೆ ರೋಗಿಗಳ ನೋಂದಣಿ ಪಟ್ಟಿಯಲ್ಲಿ, ಇರುವವರ ವಯಸ್ಸಿನ ಕಥೆಯೇ ಬೇರೆ. ನವಜಾತ ಶಿಶುಗಳ ತಪಾಸಣೆ ಶುರುವಾದ ಕೂಡಲೇ ಪುಟ್ಟ ಕೂಸುಗಳು, ಲಕ್ಷಣ ಅಷ್ಟಾಗಿ ಕಾಣದವರು ಪಟ್ಟಿಗೆ ಬಂದು ಸೇರುತ್ತಾರೆ. ಪತ್ತೆಯಾಗುವ ವಯಸ್ಸು ಇಳಿಯುತ್ತದೆ. ಕಾಯಿಲೆ ಇದ್ದಂತೆಯೇ ಇರುತ್ತದೆ. ಅಮೆರಿಕದ ಎಲ್ಲ ರಾಜ್ಯಗಳಲ್ಲೂ 2010ರ ಹೊತ್ತಿಗೆ ಈ ತಪಾಸಣೆ ಬಂದಿತ್ತು. ಕೆನಡಾದಲ್ಲಿ ಒಂದೊಂದು ಪ್ರಾಂತ್ಯಕ್ಕೆ ಒಂದೊಂದು ಕಾಲಕ್ಕೆ ಬಂತು, ಒಂಟಾರಿಯೊದಲ್ಲಿ 2008ರಲ್ಲಿ. ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ವಯಸ್ಸಿನ ಕಾಲಂಗಳನ್ನು ಹೋಲಿಸಿದರೆ, ನಾವು ಹೋಲಿಸುತ್ತಿರುವುದು ತಪಾಸಣೆಯ ಇತಿಹಾಸವನ್ನೇ ಹೊರತು ರೋಗಿಗಳನ್ನಲ್ಲ.

ಆ ಸಂಶೋಧಕರ ಮೇಲೆ ನನಗೆ ಗೌರವ ಹುಟ್ಟಿದ್ದು ಇದಕ್ಕೇ. ಎರಡೂ ದೇಶಗಳ ಡೇಟಾವನ್ನು ಒಂದೇ ಅಳತೆಗೆ ತಂದು, ವಯಸ್ಸು ಮತ್ತು ಕಾಯಿಲೆಯ ತೀವ್ರತೆಯನ್ನು ಸರಿದೂಗಿಸಿ ನೋಡಿದರು. ಆಮೇಲೂ ಕೆನಡಾದವರಿಗೆ ಸಾವಿನ ಅಪಾಯ 34% ಕಡಿಮೆ. ಕಾರಣ ಏನಿರಬಹುದು? ಶ್ವಾಸಕೋಶ ಕಸಿ ಮಾಡಿಸಿಕೊಂಡವರ ಪಾಲು ಕೆನಡಾದಲ್ಲಿ ಹೆಚ್ಚಿತ್ತು. ಟೊರಾಂಟೊದ ವೈದ್ಯರು 1970ರ ದಶಕದಲ್ಲೇ ಈ ಮಕ್ಕಳಿಗೆ ಜೀರ್ಣಕ್ಕೆ ನೆರವಾಗುವ ಕಿಣ್ವಗಳ ಜೊತೆ ಕೊಬ್ಬು ಹೆಚ್ಚಿರುವ ಊಟ ಕೊಡಿಸಲು ಹೊರಟಿದ್ದರು, ಅಮೆರಿಕದಲ್ಲಿ ಅದು ತಡವಾಯಿತು.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ಶೂರೆನ್ಸ್ ಕಾಲಂ. ಖಾಸಗಿ ವಿಮೆ ಇದ್ದ ಅಮೆರಿಕನ್ನರಿಗೂ ಕೆನಡಾದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ. ಅಂತರವಿದ್ದದ್ದು ಕಡಿಮೆ ಆದಾಯದವರಿಗಿರುವ ಮೆಡಿಕೇಡ್‌ನಂಥ ಸರ್ಕಾರಿ ವಿಮೆ ಇದ್ದವರಲ್ಲಿ. ವಿಮೆಯೇ ಇಲ್ಲದ ಅಥವಾ ವಿಮೆಯ ವಿವರ ಗೊತ್ತಿಲ್ಲದ ಅಮೆರಿಕನ್ನರಿಗೆ ಹೋಲಿಸಿದರೆ ಕೆನಡಾದವರ ಅಪಾಯ 77% ಕಡಿಮೆ. ಎರಡು ದೇಶಗಳ ನಡುವೆ ಕಂಡ ಗೆರೆ ಅಮೆರಿಕದ ಒಳಗೇ ಹಾದುಹೋಗಿತ್ತು. ಆ ಒಂದು ಕಾಲಂ ಬಿಟ್ಟುಹೋಗಿದ್ದರೆ ಹವಾಮಾನ, ಜನಾಂಗ, ವಂಶವಾಹಿ ಎಂದು ಎಷ್ಟೋ ವಾದ ಹುಟ್ಟುತ್ತಿತ್ತು.

ಅದಕ್ಕೇ ಪ್ರಾಜೆಕ್ಟ್ ಯಾವುದಾದರೂ ಸರಿ, ಚಿಕಿತ್ಸೆಯ ದುಡ್ಡು ಯಾರು ಕೊಟ್ಟರು, ಮಧ್ಯದಲ್ಲಿ ಪಟ್ಟಿಯಿಂದ ಕಾಣೆಯಾದವರು ಎಷ್ಟು ಎಂಬ ಎರಡು ಕಾಲಂಗಳನ್ನು ನಾನು ಹಟ ಹಿಡಿದು ತರಿಸಿಕೊಳ್ಳುತ್ತೇನೆ. ಭಾರತವನ್ನು ಹೋಲಿಕೆಗೆ ತರುವಾಗಲಂತೂ ಮೂರನೆಯದೂ ಬೇಕು: ಪತ್ತೆ ಹೇಗಾಯಿತು. ಈ ಕಾಯಿಲೆ ನಮ್ಮಲ್ಲಿ ಇಲ್ಲವೇ ಇಲ್ಲ ಎಂದು ಬಹಳ ಕಾಲ ನಂಬಲಾಗಿತ್ತು. ಇದನ್ನು ಪತ್ತೆಹಚ್ಚುವ ಬೆವರಿನ ಕ್ಲೋರೈಡ್ ಪರೀಕ್ಷೆ ಇವತ್ತಿಗೂ ಎಲ್ಲ ಊರಿನಲ್ಲಿ ಸಿಗುವುದಿಲ್ಲ. ಪದೇಪದೇ ನ್ಯುಮೋನಿಯಾ ಎಂದೋ, ಟಿಬಿ ಎಂದೋ ಔಷಧ ತಿಂದ ಮಕ್ಕಳು ಯಾವ ರಿಜಿಸ್ಟ್ರಿಗೂ ಸೇರಿಲ್ಲ.