ಫರಿಶ್ತೆಗಳಿಗೆ ಹರಕೆ ಹೊರುತ್ತೀರೇನ್ರಿ?

ವಿಜಯಪುರದ ಓಣಿಗಳಲ್ಲಿ ಹಿಂದೂ ಗೆಳೆಯರು ಮುಸ್ಲಿಮರಿಗೆ ಪದೇ ಪದೇ ಕೇಳುವ ಪ್ರಶ್ನೆ ಇದು: “ನಿಮ್ಮಲ್ಲಿ ಫರಿಶ್ತೆ ಅಂತಾರಲ್ರಿ, ಅವ್ರು ನಮ್ಮ ದೇವತೆಗಳಿದ್ದಂಗನ ಏನು? ಅವ್ರಿಗೂ ಹರಕಿ ಹೊರತೀರಿ?”

ಹೊರುವುದಿಲ್ಲ. ಫರಿಶ್ತೆಗಳೆಂದರೆ ಅಲ್ಲಾಹನ ದೂತರು. ಈಮಾನಿನ, ಅಂದರೆ ಇಸ್ಲಾಮಿನ ನಂಬಿಕೆಯ, ಆರು ಅಂಶಗಳಲ್ಲಿ ಫರಿಶ್ತೆಗಳ ಮೇಲಿನ ನಂಬಿಕೆ ಎರಡನೆಯದು, ಅಲ್ಲಾಹನ ಮೇಲಿನ ನಂಬಿಕೆಯ ಬೆನ್ನಿಗೇ ಬರುತ್ತದೆ. ಆದರೆ ನಂಬುವುದು ಬೇರೆ, ಬೇಡುವುದು ಬೇರೆ. ಅಲ್ಲಾಹನ ಆಜ್ಞೆಯನ್ನು ಅವರು ಮೀರುವುದಿಲ್ಲ, ಹೇಳಿದ್ದನ್ನಷ್ಟೇ ಮಾಡುತ್ತಾರೆ ಎನ್ನುತ್ತದೆ ಕುರ್‌ಆನ್ (ಅಧ್ಯಾಯ 66, ವಚನ 6). ಸ್ವಂತವಾಗಿ ಏನನ್ನೂ ಕೊಡಲಾಗದವರ ಮುಂದೆ ಸೆರಗೊಡ್ಡಿ ಏನು ಫಲ?

ಹದೀಸಿನ, ಅಂದರೆ ಪ್ರವಾದಿ ಮುಹಮ್ಮದರ ನುಡಿಗಳ, ಪ್ರಕಾರ ಫರಿಶ್ತೆಗಳು ಬೆಳಕಿನಿಂದ, ಕಣ್ಣಿಗೆ ಕಾಣದ ಜಿನ್ನರು ಬೆಂಕಿಯಿಂದ, ಮನುಷ್ಯ ಮಣ್ಣಿನಿಂದ ಆದವರು. ಫರಿಶ್ತೆಗಳಿಗೆ ಎರಡು, ಮೂರು, ನಾಲ್ಕು ರೆಕ್ಕೆಗಳಿವೆ (35:1). ಜಿಬ್ರೀಲ್ ಎಂಬ ಫರಿಶ್ತೆಗೆ ಆರುನೂರು ಎಂದು ಹದೀಸಿದೆ. ಹಸಿವಿಲ್ಲ. ಪ್ರವಾದಿ ಇಬ್ರಾಹೀಮರ ಮನೆಗೆ ಮನುಷ್ಯರ ರೂಪದಲ್ಲಿ ಬಂದಾಗ, ಮುಂದಿಟ್ಟ ಹುರಿದ ಕರುವಿನತ್ತ ಅವರ ಕೈ ಚಾಚಲೇ ಇಲ್ಲ. ಫರಿಶ್ತೆಗಳನ್ನು ದೇವರ ಹೆಣ್ಣುಮಕ್ಕಳು ಎಂದ ಅರಬರನ್ನು ಕುರ್‌ಆನ್ ಗದರಿಸಿದೆ.

ಇಷ್ಟು ಕೇಳಿದವರು ತಕ್ಷಣ ಹಿಡಿಯುವ ಎಳೆ ಒಂದಿದೆ: ಹಾಗಾದರೆ ಇಬ್ಲೀಸ, ಅಂದರೆ ಸೈತಾನ, ಅಲ್ಲಾಹನ ಆಜ್ಞೆಗೆ ತಿರುಗಿಬಿದ್ದದ್ದು ಹೇಗೆ? ಅವನು ಫರಿಶ್ತೆಯಲ್ಲ, ಜಿನ್ನರ ಪೈಕಿ ಎಂದು ಕುರ್‌ಆನಿನ 18ನೇ ಅಧ್ಯಾಯದಲ್ಲೇ ಇದೆ. ಜಿನ್ನರಿಗೆ ಮನುಷ್ಯರಂತೆ ಆಯ್ಕೆಯ ಸ್ವಾತಂತ್ರ್ಯ ಉಂಟು.

ಫರಿಶ್ತೆಗಳಲ್ಲಿ ಒಬ್ಬೊಬ್ಬರಿಗೂ ಗೊತ್ತುಪಡಿಸಿದ ಕೆಲಸವಿದೆ. ಜಿಬ್ರೀಲರದು ಪ್ರವಾದಿಗಳಿಗೆ ವಹೀ, ಅಂದರೆ ಅಲ್ಲಾಹನ ಸಂದೇಶ, ತಲುಪಿಸುವುದು, ಮೀಕಾಯೀಲರದು ಮಳೆ ಮತ್ತು ಅನ್ನ, ಇಸ್ರಾಫೀಲರದು ಕಿಯಾಮತ್ತಿನ (ಲೋಕಾಂತ್ಯದ) ಕಹಳೆ. ಜೀವ ಒಯ್ಯುವವರನ್ನು ಕುರ್‌ಆನ್ ‘ಮರಣದ ಮಲಕ್’ (ಫರಿಶ್ತೆ) ಎಂದಷ್ಟೇ ಕರೆಯುತ್ತದೆ. ಅಜ್ರಾಯೀಲ್ ಎಂಬ ಹೆಸರು ಅದರಲ್ಲಿಲ್ಲ, ಜನರ ಬಾಯಲ್ಲಿ ನೆಲೆಯೂರಿದ್ದು. ಈ ನಾಲ್ಕು ಹೆಸರುಗಳನ್ನು ನಾಲ್ಕು ಮೂಲೆಗೆ ಬರೆದ ತಾವೀಜುಗಳನ್ನು (ತಾಯತಗಳನ್ನು) ಕಟ್ಟಿಕೊಳ್ಳುವವರೂ ಇದ್ದಾರೆ. ಆ ಹೆಸರುಗಳೇ ಕಾಯುತ್ತವೆ ಎಂದುಕೊಂಡರೆ ಹರಕೆ ಹೊತ್ತದ್ದಕ್ಕೂ ಅದಕ್ಕೂ ಏನು ಫರಕು, ನೀವೇ ಹೇಳಿ.

ಮಣ್ಣಾದ ಮೇಲೆ ಬರುವವರು ಮುನ್ಕರ್ ಮತ್ತು ನಕೀರ್ ಎಂಬ ಇಬ್ಬರು ಫರಿಶ್ತೆಗಳು. ಕೇಳುವುದು ಮೂರು: ನಿನ್ನ ರಬ್ (ಪ್ರಭು) ಯಾರು, ನಿನ್ನ ದೀನ್ (ಧರ್ಮ) ಯಾವುದು, ನಿನ್ನ ಪ್ರವಾದಿ ಯಾರು. 1656ರಲ್ಲಿ ತೀರಿಕೊಂಡ ವಿಜಯಪುರದ ಸುಲ್ತಾನ ಮುಹಮ್ಮದ್ ಆದಿಲ್ ಶಾಹನ ಕಬರು ಗೋಳಗುಮ್ಮಟದ ನೆಲಮಾಳಿಗೆಯಲ್ಲಿದೆ, ಮೇಲೆ ಕಟ್ಟೆಯ ಮೇಲೆ ಕಾಣುವುದು ಅದರ ಗುರುತು ಮಾತ್ರ. ಮೇಲೆ ಎಷ್ಟೇ ದೊಡ್ಡ ಗುಮ್ಮಟ ಕಟ್ಟಿದರೂ ಕೆಳಗೆ ಪ್ರಶ್ನೆ ಬದಲಾಗುವುದಿಲ್ಲ. ಮಣ್ಣು ಹಾಕಿ ಕೈ ತೊಳೆದು ಹೊರಡುವ ರೂಢಿ ಸರಿಯಲ್ಲ: ‘ಈಗ ಅವನ ವಿಚಾರಣೆ ನಡೆದಿದೆ, ಅವನು ದೃಢವಾಗಿರಲಿ ಎಂದು ಬೇಡಿಕೊಳ್ಳಿ’ ಎಂದು ಪ್ರವಾದಿಯವರು ಕಬರಿನ ಬಳಿ ನಿಂತು ಹೇಳುತ್ತಿದ್ದರು. ಬೇಡುವುದು ಅಲ್ಲಾಹನನ್ನು, ಮುನ್ಕರ್-ನಕೀರರನ್ನಲ್ಲ.

ಬದುಕಿರುವಾಗ ದಿನವೂ ಜೊತೆಗಿರುವವರು ಒಳ್ಳೆಯದು-ಕೆಟ್ಟದ್ದನ್ನು ಬರೆಯುವ ಇಬ್ಬರು ಫರಿಶ್ತೆಗಳು, ಕಿರಾಮನ್ ಕಾತಿಬೀನ್. ಅವರ ಲೆಕ್ಕ ಮನುಷ್ಯನ ಕಡೆಗೇ ವಾಲಿದೆ. ಒಳ್ಳೆಯದನ್ನು ಮಾಡಬೇಕೆಂದು ಮನಸ್ಸು ಮಾಡಿ ಆಗದಿದ್ದರೂ ಒಂದು ಪುಣ್ಯ. ಮಾಡಿದರೆ ಹತ್ತರಿಂದ ಏಳುನೂರು, ಅದಕ್ಕೂ ಹೆಚ್ಚು. ಕೆಟ್ಟದ್ದನ್ನು ಯೋಚಿಸಿ ಅಲ್ಲಾಹನಿಗಂಜಿ ಬಿಟ್ಟರೆ ಅದಕ್ಕೂ ಒಂದು ಪುಣ್ಯ. ಮಾಡಿದರೆ ಒಂದೇ ಪಾಪ. ನಮಾಜಿನ ಕೊನೆಗೆ ಬಲಕ್ಕೆ, ಆಮೇಲೆ ಎಡಕ್ಕೆ ತಿರುಗಿ ಹೇಳುವ ಸಲಾಮು ಪಕ್ಕದಲ್ಲಿರುವವರಿಗೂ ಈ ಫರಿಶ್ತೆಗಳಿಗೂ ಸೇರಿದ್ದು. ಹನಫಿ ಎಂಬ ಧರ್ಮಶಾಸ್ತ್ರ ಪದ್ಧತಿಯಲ್ಲಿ ಒಬ್ಬನೇ ನಮಾಜು ಮಾಡುವವನು ಅವರನ್ನಷ್ಟೇ ನೆನೆದು ಹೇಳಬೇಕು. ಅದು ಸಲಾಮು, ಪ್ರಾರ್ಥನೆಯಲ್ಲ.

ಶುಕ್ರವಾರ ಮಸೀದಿಯ ಬಾಗಿಲಲ್ಲಿ ನಿಂತು ಬಂದವರನ್ನು ಬಂದ ಕ್ರಮದಲ್ಲಿ ಬರೆಯುವವರೂ ಫರಿಶ್ತೆಗಳೇ. ಮೊದಲು ಬಂದವನಿಗೆ ಒಂಟೆ ದಾನ ಕೊಟ್ಟ ಫಲ, ಆಮೇಲೆ ಆಕಳು, ಟಗರು, ಕೋಳಿ, ಕಡೆಗೆ ತತ್ತಿ. ಇಮಾಮರು ಖುತ್ಬಾಕ್ಕೆ (ಪ್ರವಚನಕ್ಕೆ) ಬಂದರೆಂದರೆ ಪುಸ್ತಕ ಮುಚ್ಚಿ ಅವರೂ ಕೇಳಲು ಕೂರುತ್ತಾರೆ. ತಡವಾಗಿ ಬಂದವನಿಗೆ ನಮಾಜು ಸಿಗುತ್ತದೆ, ಆ ಪಟ್ಟಿಯಲ್ಲಿ ಹೆಸರು ಸಿಗುವುದಿಲ್ಲ.

ನಮ್ಮ ಕಡೆಯವರು ಎಡವುವುದು ಊಟದಲ್ಲಿ. ಜೋಳದ ರೊಟ್ಟಿಗೆ ಹಸಿ ಉಳ್ಳಾಗಡ್ಡಿ ಜಜ್ಜಿಕೊಂಡು ನೇರ ಜುಮ್ಮಾಕ್ಕೆ, ಅಂದರೆ ಶುಕ್ರವಾರದ ನಮಾಜಿಗೆ, ಬರುತ್ತಾರೆ. ಮನುಷ್ಯರಿಗೆ ಹಿಂಸೆಯಾಗುವ ವಾಸನೆ ಫರಿಶ್ತೆಗಳಿಗೂ ಹಿಂಸೆ ಎಂದು ಹದೀಸಿನಲ್ಲಿ ಸ್ಪಷ್ಟವಾಗಿದೆ. ಉಳ್ಳಾಗಡ್ಡಿ, ಬಳ್ಳೊಳ್ಳಿ ತಿಂದು ಮಸೀದಿಯ ಹತ್ತಿರ ಬರಬೇಡಿ ಎಂದೂ ಇದೆ. ಹಾಗಂತ ತಿನ್ನುವುದೇ ಹರಾಮಲ್ಲ (ನಿಷಿದ್ಧವಲ್ಲ). ತಿನ್ನಲೇಬೇಕಾದರೆ ಬೇಯಿಸಿ ವಾಸನೆ ಕೊಲ್ಲಿ ಎಂದರು ಖಲೀಫ ಉಮರ್. ಪಲ್ಯದಲ್ಲಿ ಬೆಂದ ಉಳ್ಳಾಗಡ್ಡಿಗೆ ಅಡ್ಡಿಯಿಲ್ಲ, ಹಸಿಯದನ್ನು ನಮಾಜು ಮುಗಿಸಿ ಬಂದು ಧಾರಾಳವಾಗಿ ತಿನ್ನಿ.