ಅಮ್ಮನಿಗಾಗಿ ಸಬ್‌ಟೈಟಲ್: ಎರಡು ಮುಗಿದವು, ಮೂರನೆಯದು ಅರ್ಧ

ಹೋದ ದೀಪಾವಳಿ ಹೊತ್ತಿಗೆ ಶುರು ಮಾಡಿದ ಕೆಲಸ ಇದು. ಹಳೆಯ ಹಿಂದಿ, ಬಂಗಾಳಿ ಸಿನಿಮಾಗಳಿಗೆ ಮನೆಮಟ್ಟಿಗೆ ಕನ್ನಡ ಸಬ್‌ಟೈಟಲ್ ಬರೆಯುವುದು. ನೋಡುವವರು ಒಬ್ಬರೇ, ನಮ್ಮಮ್ಮ. ವಿವಿಧ ಭಾರತಿ ಕೇಳಿಕೊಂಡೇ ಬೆಳೆದವರು, ನೂರಾರು ಹಿಂದಿ ಹಾಡು ಬಾಯಿಗೆ ಬರುತ್ತವೆ, ಅರ್ಥ ಮಾತ್ರ ಅಲ್ಲೊಂದು ಇಲ್ಲೊಂದು ಪದದ್ದು ಅಷ್ಟೇ. ಇಂಗ್ಲಿಷ್ ಓದುತ್ತಾರೆ, ಆದರೆ ಪರದೆ ಮೇಲೆ ಸಾಲು ಬಂದು ಹೋಗುವ ವೇಗಕ್ಕೆ ಆಗುವುದಿಲ್ಲ. "ಓದಿ ತಲೆ ಎತ್ತೋಷ್ಟರಲ್ಲಿ ಮುಖ ಹೋಗಿರುತ್ತೆ" ಅಂದರು. ನಾನು ಇಪ್ಪತ್ತು ವರ್ಷದಿಂದ ಹಚ್ಚಿಕೊಂಡಿರುವ ಈ ಸಿನಿಮಾಗಳಲ್ಲಿ ಒಂದನ್ನೂ ಅಮ್ಮ ಪೂರ್ತಿ ನೋಡಿಲ್ಲ ಅನ್ನುವುದು ಅವತ್ತು ಚುಚ್ಚಿತು.

ನೋಟ್‌ಬುಕ್ಕಿನಲ್ಲಿ ಎರಡು ಪುಟ ಮಾಡಿಕೊಂಡಿದ್ದೆ. ಎಡಕ್ಕೆ ಹಿಂದಿ, ಬಲಕ್ಕೆ ಬಂಗಾಳಿ.

ಮೊದಲನೆಯದು ಬಿಮಲ್ ರಾಯ್ ಅವರ 'ದೋ ಬಿಘಾ ಜಮೀನ್', 1953ರದ್ದು. ನನಗೆ ಹಿಂದಿ ಚೆನ್ನಾಗಿ ಬರುತ್ತದೆ, ಬೇಗ ಮುಗಿಯುತ್ತೆ ಅಂದುಕೊಂಡಿದ್ದೆ. ಆದರೆ ಹೆಸರಿನಲ್ಲೇ ನಿಂತೆ. ಬಿಘಾ ಅಂದರೆ ಎಷ್ಟು? ಒಂದೊಂದು ಪ್ರಾಂತ್ಯಕ್ಕೆ ಒಂದೊಂದು ಅಳತೆ. ಬಂಗಾಳದ ಲೆಕ್ಕದಲ್ಲಿ ಎಕರೆಯ ಮೂರನೇ ಒಂದು ಪಾಲು. ನಮ್ಮಲ್ಲಿ ಎಕರೆಗೆ 40 ಗುಂಟೆ, ಅಂದರೆ ಎರಡು ಬಿಘಾ ಹೆಚ್ಚುಕಡಿಮೆ 26 ಗುಂಟೆ. ಹೆಸರನ್ನು ಮುಟ್ಟಲಿಲ್ಲ, ಅದು ಟ್ಯಾಗೋರರ ಪದ್ಯದಿಂದ ಬಂದದ್ದು, ಹಾಗೇ ಇರಲಿ. ಆದರೆ ಜಮೀನ್ದಾರ ಮೊದಲ ಸಲ ಆ ಹೊಲದ ಮಾತು ಎತ್ತುವ ಕಡೆ "ಇಪ್ಪತ್ತಾರು ಗುಂಟೆ" ಅಂತಲೇ ಬರೆದೆ. ಅಮ್ಮ ಹಳ್ಳಿಯಲ್ಲಿ ಹುಟ್ಟಿದವರು. "ಇಪ್ಪತ್ತಾರು ಗುಂಟೆಗೆ ಇಷ್ಟೊಂದಾ?" ಅಂದರು. ಸ್ವಲ್ಪ ಹೊತ್ತಾದ ಮೇಲೆ ಅವರೇ, "ಇದ್ದದ್ದೇ ಅಷ್ಟು, ಅದಕ್ಕೇ" ಅಂದರು. ಆ ಹೊಲದ ರೈತ ಶಂಭು 65 ರೂಪಾಯಿ ಸಾಲ ಅಂತ ನಂಬಿಕೊಂಡು ಹೋದರೆ ಜಮೀನ್ದಾರನ ಲೆಕ್ಕದಲ್ಲಿ 235 ಆಗಿರುತ್ತದಲ್ಲ, ಆ ದೃಶ್ಯದಲ್ಲಿ ಅಮ್ಮ ಸಬ್‌ಟೈಟಲ್ ನೋಡಲೇ ಇಲ್ಲ. ಅಂಕಿ ಕಿವಿಗೆ ಬಿತ್ತು, ಸಾಕಾಯಿತು.

ಶಂಭು ಪಾತ್ರ ಮಾಡಿದ ಬಲರಾಜ್ ಸಾಹ್ನಿ ಇದಕ್ಕಾಗಿ ಕಲ್ಕತ್ತಾದ ಬೀದಿಯಲ್ಲಿ ನಿಜವಾಗಿ ಕೈಗಾಡಿ ರಿಕ್ಷಾ ಎಳೆದು ಅಭ್ಯಾಸ ಮಾಡಿದ್ದರು. ಹಾಗೆಂದು ಅಮ್ಮನಿಗೆ ಸಿನಿಮಾ ಮುಗಿದ ಮೇಲೆ ಹೇಳಿದೆ. "ಅದು ಅವನ ಕಾಲಲ್ಲೇ ಗೊತ್ತಾಗುತ್ತೆ" ಅಂದರು. ಹೌದು, ಆ ಕಾಲುಗಳನ್ನು ನಾನು ಎಷ್ಟೋ ಸಲ ನೋಡಿದ್ದೇನೆ, ಯಾವತ್ತೂ ಅಷ್ಟು ಸರಿಯಾಗಿ ಹೇಳಿರಲಿಲ್ಲ.

ಇಲ್ಲಿ ಸ್ವಲ್ಪ ಕೆಲಸದ ಮಾತು, ಬೇರೆ ಯಾರಾದರೂ ಮಾಡುವುದಿದ್ದರೆ ಉಪಯೋಗವಾದೀತು. ಎಸ್‌ಆರ್‌ಟಿ ಫೈಲ್ ಅಂದರೆ ಸುಮ್ನೆ ಒಂದು ಪಠ್ಯದ ಫೈಲ್: ಸಾಲಿನ ಸಂಖ್ಯೆ, ಶುರುವಾಗುವ ಸಮಯ, ಮುಗಿಯುವ ಸಮಯ, ಕೆಳಗೆ ಮಾತು. ಉಳಿಸುವಾಗ ಯುಟಿಎಫ್-8 ಅಂತ ಆರಿಸಬೇಕು, ಇಲ್ಲದಿದ್ದರೆ ಕನ್ನಡ ಪೂರ್ತಿ ಕೆಡುತ್ತದೆ. ನಮ್ಮ ಟಿವಿಯಲ್ಲಿ ಪೆನ್‌ಡ್ರೈವ್ ಹಾಕಿದರೆ ಕನ್ನಡದ ಜಾಗದಲ್ಲಿ ಬರೀ ಚೌಕಗಳು ಬಂದವು, ಒಂದು ಭಾನುವಾರ ಇದರಲ್ಲೇ ಹೋಯಿತು. ಈಗ ಲ್ಯಾಪ್‌ಟಾಪನ್ನು ಕೇಬಲ್ಲಿನಲ್ಲಿ ಟಿವಿಗೆ ಹಾಕಿ ವಿಎಲ್‌ಸಿಯಲ್ಲಿ ಓಡಿಸುತ್ತೇನೆ, ಒತ್ತಕ್ಷರ ಚೆನ್ನಾಗಿ ಕೂರುತ್ತದೆ. ಇನ್ನೊಂದು, ಸೆಕೆಂಡಿಗೆ 24 ಚೌಕಟ್ಟಿನ (ಫ್ರೇಮಿನ) ಪ್ರತಿಗೆ ಬರೆದ ಸಮಯವನ್ನು 25ರ ಪ್ರತಿಗೆ ಹಾಕಿದರೆ ಶುರುವಿನ ಒಂದೆರಡು ಸಾಲಿನಲ್ಲಿ ಅಷ್ಟಾಗಿ ಗೊತ್ತಾಗುವುದಿಲ್ಲ, ಒಂದು ಗಂಟೆ ಕಳೆಯುವಷ್ಟರಲ್ಲಿ ಎರಡು ನಿಮಿಷಕ್ಕಿಂತ ಜಾಸ್ತಿ ಹಿಂದೆ ಬಿದ್ದಿರುತ್ತದೆ. ಸಾಲುಗಳನ್ನು ಒಂದೊಂದಾಗಿ ಸರಿಸಬೇಡಿ, ಪೂರ್ತಿ ಫೈಲಿನ ವೇಗವನ್ನೇ ಬದಲಾಯಿಸಿ.

ಎರಡನೆಯದು 'ಪಥೇರ್ ಪಾಂಚಾಲಿ', 1955. ಅಪು ಅನ್ನುವ ಹುಡುಗನ ಕಥೆ ಹೇಳುವ ಸತ್ಯಜಿತ್ ರಾಯ್ ಅವರ ಮೂರು ಸಿನಿಮಾಗಳಲ್ಲಿ ಮೊದಲನೆಯದು. ಆ ಮೂರರ ನೆಗೆಟಿವ್ 1993ರಲ್ಲಿ ಲಂಡನ್ನಿನ ಲ್ಯಾಬ್ ಒಂದರಲ್ಲಿ ಬೆಂಕಿಗೆ ಸಿಕ್ಕಿತ್ತು. ಸುಟ್ಟು ಸೆಟೆದುಕೊಂಡ ಆ ಫಿಲ್ಮನ್ನೇ ಇಟಲಿಯ ಬೊಲೊನ್ಯಾದಲ್ಲಿ ಕೈಯಲ್ಲಿ ಬಿಡಿಸಿ, ಮೆದು ಮಾಡಿ, ಆಗುವಷ್ಟನ್ನು ಉಳಿಸಿ, ಉಳಿದದ್ದನ್ನು ಬೇರೆ ಪ್ರತಿಗಳಿಂದ ತುಂಬಿದರು. ನನ್ನ ಹತ್ತಿರ ಇದ್ದ ಹಳೆಯ ಡಿಸ್ಕಿನಲ್ಲಿ ಅಪುವಿನ ಅಕ್ಕ ದುರ್ಗಾಳ ಮುಖದ ಅರ್ಧ ಭಾಗ ಕಪ್ಪು. ಹೊಸ ಪ್ರತಿಯಲ್ಲಿ ಅವಳ ಹುಬ್ಬು ಕಾಣುತ್ತದೆ, ಬಿದಿರ ಮೆಳೆಯ ಒಂದೊಂದು ಎಲೆ ಕಾಣುತ್ತದೆ. ಅದನ್ನೇ ತರಿಸಿದೆ.

ಬಂಗಾಳಿ ನನಗೆ ಕಿವಿಯಿಂದ ಬಂದದ್ದು, ಅರ್ಧಂಬರ್ಧ. ಇಂಗ್ಲಿಷ್ ಸಾಲು ಮುಂದಿಟ್ಟುಕೊಂಡು, ಬಂಗಾಳಿ ಕೇಳುತ್ತಾ, ಅನುಮಾನ ಬಂದಲ್ಲಿ ಆಫೀಸಿನ ಒಬ್ಬ ಬಂಗಾಳಿ ಗೆಳತಿಗೆ ತುಣುಕು ಕಳಿಸಿ ಕೇಳುತ್ತಾ ಮಾಡಿದ್ದು. ಮೊದಲ ವಾರದಲ್ಲೇ ಒಂದು ವಿಷಯ ಗೊತ್ತಾಗಿ ಬಹಳ ಖುಷಿಯಾಯಿತು. ಇಂಗ್ಲಿಷಿನಲ್ಲಿ ಕ್ರಿಯಾಪದ ಮುಂಚೆಯೇ ಬಂದುಬಿಡುತ್ತದೆ. ನಟ ಇನ್ನೂ ಮಾತಿನ ಅರ್ಧದಲ್ಲಿರುವಾಗಲೇ ಕೆಳಗೆ ವಿಷಯ ಬಯಲಾಗಿರುತ್ತದೆ. ಬಂಗಾಳಿ, ಹಿಂದಿ, ಕನ್ನಡ ಮೂರರಲ್ಲೂ ಅದು ಸಾಮಾನ್ಯವಾಗಿ ಕೊನೆಗೆ. ಎರಡು ಸಾಲಾಗಿ ಒಡೆದರೆ ಕನ್ನಡ ನಟನ ಉಸಿರಿನ ಜೊತೆಗೇ ನಡೆಯುತ್ತದೆ, ಅವರು ತಡೆದಲ್ಲಿ ತಡೆಯುತ್ತದೆ. ದುರ್ಗಾಳ ಅಪ್ಪ ಹರಿಹರ ಊರಿಂದ ವಾಪಸ್ ಬಂದು ಗಂಟು ಬಿಚ್ಚುವ ದೃಶ್ಯ ನೆನಪಿದೆ ಅಲ್ವಾ? ಲಟ್ಟಣಿಗೆ ಮತ್ತು ಮಣೆ, ಚೌಕಟ್ಟು ಹಾಕಿಸಿದ ಲಕ್ಷ್ಮಿ ಪಟ, ಆಮೇಲೆ ದುರ್ಗಾಗೆ ಅಂತ ತಂದ ಸೀರೆ. ಮಗಳು ಇಲ್ಲ ಅಂತ ಅವನಿಗೆ ಗೊತ್ತಿಲ್ಲ. ಅಲ್ಲಿ ಸೀರೆ ಅನ್ನುವ ಪದ ಒಂದು ಕ್ಷಣ ಮೊದಲು ಬಂದರೂ ತಪ್ಪೇ. ಆ ಒಂದು ಸಾಲನ್ನು ನಾಲ್ಕು ರಾತ್ರಿ ಹಿಂದೆ ಮುಂದೆ ಮಾಡಿದ್ದೇನೆ. ಆಮೇಲೆ ಅವನ ಹೆಂಡತಿ ಸರ್ಬಜಯಾ ಅಳುತ್ತಾಳೆ, ಅವಳ ದನಿ ಕೇಳಿಸುವುದಿಲ್ಲ, ಅದರ ಬದಲು ರವಿಶಂಕರ್ ಸಂಗೀತದಲ್ಲಿ ತಾರ್ ಶೆಹನಾಯಿ ಅನ್ನುವ ತಂತಿವಾದ್ಯ ಎತ್ತರಕ್ಕೆ ಹೋಗುತ್ತದೆ. ಅಷ್ಟು ಹೊತ್ತೂ ನನ್ನ ಫೈಲ್ ಖಾಲಿ. ಸಿನಿಮಾದಲ್ಲಿ ನಾನು ಅತಿ ಹೆಚ್ಚು ಗೌರವದಿಂದ ಬಿಟ್ಟ ಜಾಗ ಅದು.

ತೊಂದರೆ ಕೊಟ್ಟ ಪದ 'ಪಿಶಿ'. ಮುದುಕಿ ಇಂದಿರ್‌ಳನ್ನು ದುರ್ಗಾ ಹಾಗೆ ಕೂಗುತ್ತಾಳೆ. ಅಪ್ಪನ ಅಕ್ಕತಂಗಿಯರಿಗೆ ಹೇಳುವ ಪದ, ಕನ್ನಡದಲ್ಲಿ ನೇರವಾಗಿ 'ಅತ್ತೆ'. ಇಂಗ್ಲಿಷಿನ ಆಂಟಿಗಿಂತ ಎಷ್ಟೋ ಸರಿ ಅಂತ ಹಿಗ್ಗಿ ಬರೆದೆ. ಆದರೆ ಅರ್ಧ ಗಂಟೆ ಅಮ್ಮ ಆ ಮುದುಕಿಯನ್ನು ಸರ್ಬಜಯಾಳ ಅತ್ತೆ ಅಂದುಕೊಂಡೇ ನೋಡಿದರು, ಗಂಡನ ತಾಯಿ ಅಂತ. ಅತ್ತೆ ಸೊಸೆ ಜಗಳ ಅಂದುಕೊಂಡರೆ ಸಿನಿಮಾನೇ ಬೇರೆಯಾಗುತ್ತದೆ. 'ಸೋದರತ್ತೆ' ಅಂತ ಯಾವ ಮಗುವೂ ಕೂಗುವುದಿಲ್ಲ. ಕೊನೆಗೆ ಅಮ್ಮನೇ ಬಗೆಹರಿಸಿದರು: "ಪಿಶಿ ಅಂತ ಕೂಗೋದು ಕೇಳಿಸ್ತಿದೆಯಲ್ಲ, ಅದನ್ನೇ ಬರಿ. ಶರತ್‌ಚಂದ್ರರ ಕಾದಂಬರಿ ಕನ್ನಡದಲ್ಲಿ ಓದುವಾಗ ದಾದಾ, ದಿದಿ ಎಲ್ಲ ಹಾಗೇ ಇರ್ತಿತ್ತು, ನಮಗೇನೂ ಕಷ್ಟ ಆಗಲಿಲ್ಲ." ಬಿ. ವೆಂಕಟಾಚಾರ್ಯರು ಬಂಕಿಮರನ್ನು ಕನ್ನಡಕ್ಕೆ ತಂದ ಕಾಲದಿಂದ ಈ ಮನೆಗಳು ನಮಗೆ ಪರಿಚಯ. ಅಮ್ಮ ಕೂಡ ನನಗಿಂತ ಮೊದಲೇ ಅಲ್ಲಿಗೆ ಹೋಗಿ ಬಂದವರು ಅಂತ ಅವತ್ತು ಗೊತ್ತಾಯಿತು. ಎಲ್ಲ ಅತ್ತೆಗಳನ್ನೂ ತೆಗೆದು ಪಿಶಿ ಮಾಡಿದೆ.

ಈ ನಡುವೆ ನೋಟ್‌ಬುಕ್ಕಿನ ಎರಡು ಪುಟಗಳು ಬೇರೆಬೇರೆಯಾಗಿ ಉಳಿಯಲಿಲ್ಲ. ಬಿಮಲ್ ರಾಯ್ ಕಲ್ಕತ್ತಾದ ಸಿನಿಮಾ ಕಂಪನಿ ನ್ಯೂ ಥಿಯೇಟರ್ಸ್‌ನಲ್ಲಿ ಕ್ಯಾಮೆರಾ ಹಿಡಿದು ಬೆಳೆದವರು. 1950ರ ಹೊತ್ತಿಗೆ ಬೊಂಬಾಯಿಗೆ ಹೋದಾಗ ಜೊತೆಗೆ ಹೋದವರಲ್ಲಿ ಹೃಷಿಕೇಶ್ ಮುಖರ್ಜಿ, ನಬೇಂದು ಘೋಷ್ ಇದ್ದರು. 'ದೋ ಬಿಘಾ ಜಮೀನ್' ಕಥೆಯೂ ಸಂಗೀತವೂ ಸಲಿಲ್ ಚೌಧರಿಯವರದು. 1958ರ 'ಮಧುಮತಿ' ಕಥೆ ಬಂಗಾಳಿ ನಿರ್ದೇಶಕ ಋತ್ವಿಕ್ ಘಟಕ್ ಬರೆದದ್ದು. ಅಮ್ಮ ಅದರ ಹಾಡುಗಳನ್ನು ಅಡುಗೆ ಮಾಡುತ್ತಾ ಗುನುಗುತ್ತಾರೆ, ಘಟಕ್ ಹೆಸರು ಕೇಳಿರಲಿಲ್ಲ. ಈಗ ಎಡ ಪುಟದಿಂದ ಬಲ ಪುಟಕ್ಕೆ ಬಾಣ ಎಳೆದೂ ಎಳೆದೂ ಕೊನೆಗೆ ಒಂದೇ ಪಟ್ಟಿ ಮಾಡಿದ್ದೇನೆ, ವರ್ಷದ ಪ್ರಕಾರ.

ಹಾಗಾಗಿ ಮೂರನೆಯದು ಘಟಕ್ ಅವರದೇ 'ಮೇಘೇ ಢಾಕಾ ತಾರಾ', 1960. ಇದು ನಿಧಾನ. ಪೂರ್ವ ಬಂಗಾಳ ಬಿಟ್ಟು ಬಂದು ಕಲ್ಕತ್ತಾ ಹೊರಗಿನ ಕಾಲೊನಿಯಲ್ಲಿ ನೆಲೆ ನಿಂತ ಕುಟುಂಬ, ಎಲ್ಲರನ್ನೂ ಹೊತ್ತುಕೊಂಡ ದೊಡ್ಡ ಮಗಳು ನೀತಾ. ತಾಯಿಯ ಮಾತಿನಲ್ಲಿ ಬಿಟ್ಟು ಬಂದ ಸೀಮೆಯ ಧಾಟಿ ಇದೆ. ಇಂಗ್ಲಿಷ್ ಸಾಲಿನಲ್ಲಿ ಅದರ ಸುಳಿವೇ ಇಲ್ಲ. ಅವಳಿಗೆ ಧಾರವಾಡದ ಮಾತು ಕೊಡೋಣವಾ ಅಂತ ಒಂದು ದೃಶ್ಯ ಬರೆದು ನೋಡಿದೆ. ಆಗಲಿಲ್ಲ. ಧಾರವಾಡದ ಮಾತು ಬಂದ ಕೂಡಲೇ ಅವಳು ಧಾರವಾಡದವಳಾದಳು, ಊರು ಕಳೆದುಕೊಂಡವಳಾಗಿ ಉಳಿಯಲಿಲ್ಲ. ಅಳಿಸಿ, ಮನೆಯಲ್ಲಿ ಆಡುವ ಸಾದಾ ಮಾತು ಹಾಕಿದೆ. ಇದರಲ್ಲಿ ಸೋತಿದ್ದೇನೆ, ಒಳ್ಳೆಯ ದಾರಿ ಗೊತ್ತಿದ್ದವರು ಹೇಳಿ.

ಒಂದು ಪದ ಮಾತ್ರ ತಾನಾಗಿ ಒದಗಿತು. ಅಣ್ಣ ಶಂಕರ್ ನೀತಾಳನ್ನು 'ಖುಕಿ' ಅನ್ನುತ್ತಾನೆ. ಪುಟ್ಟಿ! ಬೆಳೆದ ಮೇಲೂ, ಮನೆ ಪೂರ್ತಿ ಅವಳ ಸಂಬಳದ ಮೇಲೆ ನಿಂತ ಮೇಲೂ ಪುಟ್ಟಿ. ನಮ್ಮಲ್ಲೂ ಐವತ್ತು ದಾಟಿದ ಪುಟ್ಟಿಯರು ಎಷ್ಟು ಜನ ಇಲ್ಲ.

ಸದ್ಯ ನೀತಾ ಮೆಟ್ಟಿಲು ಇಳಿಯುವ ದೃಶ್ಯದವರೆಗೆ ಬಂದಿದ್ದೇನೆ, ಅವಳ ಮುಖದ ಮೇಲೆ ಚಾಟಿ ಬೀಸಿದ ಸದ್ದು ಕೇಳಿಸುತ್ತದಲ್ಲ, ಅಲ್ಲಿ. ಆದರೆ ಕೊನೆಯ ಹೊತ್ತಿನ ಒಂದು ಸಾಲನ್ನು ಮೊದಲೇ ಬರೆದಿಟ್ಟಿದ್ದೇನೆ, ಅದು ಆಗದೆ ಮುಂದಿನದು ಆಗುವುದಿಲ್ಲ ಅನ್ನಿಸಿತ್ತು. ಶಿಲ್ಲಾಂಗ್ ಬೆಟ್ಟದಲ್ಲಿ, ಕ್ಷಯ ಬಂದು ಆಸ್ಪತ್ರೆ ಸೇರಿದ ನೀತಾ ಅಣ್ಣನಿಗೆ ಹೇಳುವುದು: "ದಾದಾ, ಆಮಿ ಕಿಂತು ಬಾಂಚ್ತೆ ಚೇಯೇಛಿಲಾಮ್." ಇಂಗ್ಲಿಷಿನಲ್ಲಿ ನಾನು ಬದುಕಬೇಕಿತ್ತು ಅನ್ನುವಷ್ಟೇ ಇದೆ, ಆ 'ಕಿಂತು' ಬಿದ್ದುಹೋಗಿದೆ. ಗೆಳತಿಯನ್ನು ಕೇಳಿದರೆ, ಅದು 'ಆದರೆ' ಅಲ್ಲ, ನಿನಗೆ ಗೊತ್ತಿರಲಿ ಅನ್ನುವ ಒತ್ತು ಅಂದಳು. ಎರಡು ದಿನ ತಿರುಗಾಡಿದೆ. ಬಸ್ಸಿನಲ್ಲಿ ಒಬ್ಬ ಹುಡುಗಿ ಫೋನಿನಲ್ಲಿ ಅಣ್ಣನ ಜೊತೆ ಮಾತಾಡುತ್ತಾ ಮಾತುಮಾತಿಗೂ 'ಕಣೋ' ಅನ್ನುತ್ತಿದ್ದಳು. ಅಲ್ಲೇ ಸಿಕ್ಕಿತು. ಈಗ ಫೈಲಿನಲ್ಲಿ ಹೀಗಿದೆ: "ಅಣ್ಣಾ, ನಾನು ಬದುಕಬೇಕು ಅಂತಿದ್ದೆ ಕಣೋ."

ಅದನ್ನು ಎಷ್ಟು ಹೊತ್ತು ಪರದೆ ಮೇಲೆ ಬಿಡಬೇಕು ಅನ್ನುವುದು ಬಾಕಿ. ಅವಳ ಕೂಗು ಬೆಟ್ಟದಿಂದ ಬೆಟ್ಟಕ್ಕೆ ಹೋಗುತ್ತದೆ, ಕ್ಯಾಮೆರಾ ಕೂಡ ಅದರ ಹಿಂದೆ ಸುತ್ತುತ್ತದೆ. ಆರು ಸೆಕೆಂಡಿಗಿಂತ ಜಾಸ್ತಿ ಒಂದು ಸಾಲು ಇರಬಾರದು ಅಂತ ನಾನೇ ಇಟ್ಟುಕೊಂಡ ನಿಯಮ. ಈಗ ಮೂರು ಸೆಕೆಂಡಿಗೆ ತೆಗೆದಿದ್ದೇನೆ, ಬೆಟ್ಟದ ಮೇಲೆ ಅಕ್ಷರ ಇರುವುದು ಬೇಡ ಅಂತ.

ಮುಂದಿನದು 1957ರ 'ಪ್ಯಾಸಾ'. ಅದರ ನಿರ್ದೇಶಕ ಗುರುದತ್ ಬೆಂಗಳೂರಿನಲ್ಲಿ ಹುಟ್ಟಿ ಕಲ್ಕತ್ತಾದಲ್ಲಿ ಬೆಳೆದವರು, ಕ್ಯಾಮೆರಾ ಮೈಸೂರಿನ ವಿ.ಕೆ. ಮೂರ್ತಿ. ಹೋದ ವಾರ ಇದನ್ನು ಹೇಳಿದ್ದೇ ತಡ, ಅಮ್ಮ "ಮೈಸೂರಲ್ಲಿ ಎಲ್ಲಿ?" ಅಂತ ಕೇಳಿದರು. ವರ್ಷದ ಪ್ರಕಾರ ನೋಡಿದರೆ ಇದು ಮೊದಲು ಬರಬೇಕಿತ್ತು, ಆದರೂ ನೀತಾಳನ್ನು ಮೆಟ್ಟಿಲ ಮೇಲೆ ಬಿಟ್ಟು ಹೋಗಲು ಮನಸ್ಸಿಲ್ಲ. ಯುಗಾದಿ ಹೊತ್ತಿಗೆ ಅವಳದ್ದು ಮುಗಿಯಬೇಕು.