ಹೆಗಲಿಗೆ ಹಗುರಾದ ಲ್ಯಾಪ್‌ಟಾಪ್

ವಾರಕ್ಕೆ ಎರಡು ಸಲ ಕಲಬುರಗಿಯಿಂದ ಬೀದರಿಗೆ ರೈಲಿನಲ್ಲಿ ಹೋಗುತ್ತೇನೆ. 2017ರಲ್ಲಿ ಈ ದಾರಿ ಶುರುವಾದ ಮೇಲೆ ಬಸ್ಸಿನ ಕುಲುಕಾಟ ತಪ್ಪಿತು, ಹೆಗಲ ನೋವು ಮಾತ್ರ ತಪ್ಪಿರಲಿಲ್ಲ. ಹಳೇ 15.6 ಇಂಚಿನ ಲ್ಯಾಪ್‌ಟಾಪ್, ಇಟ್ಟಿಗೆಯಂಥ ಚಾರ್ಜರ್ ಸೇರಿ ಹತ್ತಿರ ಹತ್ತಿರ 3 ಕಿಲೋ. ಮನೆಗೆ ಬಂದು ಅಂಗಿ ತೆಗೆದರೆ ಬ್ಯಾಗಿನ ಪಟ್ಟಿಯ ಕೆಂಪು ಗೆರೆ ಹಾಗೇ ಇರುತ್ತಿತ್ತು. ಭಾರ ಹೊರುವುದೂ ಕೆಲಸದ ಭಾಗ ಅಂತ ಇಷ್ಟು ವರ್ಷ ಸುಮ್ನೆ ಒಪ್ಪಿಕೊಂಡಿದ್ದೆ.

ಈ ಸಲ 14 ಇಂಚಿನದು ತಗೊಂಡೆ, 1.3 ಕಿಲೋ. ಟೈಪ್-ಸಿ ಚಾರ್ಜಿಂಗ್ ಇದೆಯಾ ಅಂತ ಮೊದಲು ಕೇಳಿದೆ. ಫೋನಿಗೂ ಅದೇ ಚಾರ್ಜರ್ ಆಗುತ್ತದೆ. ರ‍್ಯಾಮ್ (ಕೆಲಸ ನಡೆಯುವಾಗ ಬಳಕೆಯಾಗುವ ಮೆಮೊರಿ) ಮೊದಲೇ 16 ಜಿಬಿ ಇರುವುದನ್ನೇ ಆರಿಸಿದೆ. ತೆಳು ಲ್ಯಾಪ್‌ಟಾಪ್‌ಗಳಲ್ಲಿ ಅದನ್ನು ಹೆಚ್ಚಾಗಿ ಒಳಗಿನ ಮುಖ್ಯ ಬೋರ್ಡಿಗೇ ಬೆಸೆದಿರುತ್ತಾರೆ, ಆಮೇಲೆ ಹೆಚ್ಚಿಸಲು ಆಗುವುದಿಲ್ಲ. ಫ್ಯಾನ್ ಇಲ್ಲದ್ದೊಂದು ಇನ್ನೂ ಹಗುರ ಇತ್ತು. ಆದರೆ ನಮ್ಮ ಮೇ ತಿಂಗಳ ಬಿಸಿಲು ಗೊತ್ತಲ್ವಾ? ಬಿಸಿ ಜಾಸ್ತಿಯಾದರೆ ಅವು ತಾವಾಗಿಯೇ ವೇಗ ಇಳಿಸುತ್ತವೆ. ಬಿಟ್ಟೆ.

ನಿನ್ನೆ ಹುಮನಾಬಾದ್ ದಾಟುವಷ್ಟರಲ್ಲಿ ತೊಡೆ ಮೇಲಿಟ್ಟುಕೊಂಡೇ ವರದಿ ಮುಗಿಸಿದೆ. ಪಕ್ಕದ ಅಜ್ಜಿ ಬುತ್ತಿ ಬಿಚ್ಚಿ ಜೋಳದ ರೊಟ್ಟಿ, ಶೇಂಗಾ ಹಿಂಡಿ ಕೊಟ್ಟರು. ಒಂದು ಕೈಯಲ್ಲಿ ರೊಟ್ಟಿ ಹಿಡಿದು, ಇನ್ನೊಂದು ಕೈಯಲ್ಲೇ ಲ್ಯಾಪ್‌ಟಾಪ್ ಎತ್ತಿ ಬ್ಯಾಗಿಗೆ ಹಾಕಿದೆ.